ಯಮನೂ ನಮ್ಮ ಸೀಮೆಯವನೇ

ಪರಲೋಕವನ್ನು ಹಾಸ್ಯಕ್ಕೆ ಬಳಸಿಕೊಂಡ ಪ್ರಣಯಚಿತ್ರಗಳಲ್ಲಿ, 2012ರಲ್ಲಿ ತೆರೆಕಂಡ ‘ಕಠಾರಿವೀರ ಸುರಸುಂದರಾಂಗಿ’ಯು ಅಗ್ರಪಂಕ್ತಿಯದೆಂದು ನಾನು ವಾದಿಸಲಾರೆ, ಆದರೂ ಮಂಡ್ಯ, ಮದ್ದೂರು, ಮಳವಳ್ಳಿಗಳ ಪ್ರೇಕ್ಷಕನಿಗೆ ಅದು ಕೊಡುವ ಸಂತೋಷವು ಅನ್ಯರಿಗೆ ಅಷ್ಟು ಸುಲಭವಾಗಿ ದಕ್ಕುವಂಥದಲ್ಲ. ಸುರೇಶ್ ಕೃಷ್ಣ ನಿರ್ದೇಶಿಸಿದ ಆ ಚಿತ್ರದಲ್ಲಿ, ಉಪೇಂದ್ರ ಅಭಿನಯಿಸಿದ ನಾಯಕನು ಸತ್ತು ಪರಲೋಕವನ್ನು ಸೇರಿದ ಮೇಲೆ, ತನ್ನ ಪಾಪಪುಣ್ಯಗಳ ಲೆಕ್ಕಕ್ಕೆ ಚಿಂತಿಸುವುದನ್ನು ಬಿಟ್ಟು ದೇವೇಂದ್ರನ ಮಗಳಲ್ಲಿ ಅನುರಕ್ತನಾಗುತ್ತಾನೆ. ಆ ಮಗಳು ರಮ್ಯಾ. ಯಮಧರ್ಮರಾಯನಾದರೋ ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯಲ್ಲಿ ಹುಟ್ಟಿದ ಅಂಬರೀಷ್.

1998, 1999 ಮತ್ತು 2004ರಲ್ಲಿ ತಾವೇ ಆರಿಸಿ ಲೋಕಸಭೆಗೆ ಕಳುಹಿಸಿದವರನ್ನು ಯಮಪೀಠದ ಮೇಲೆ ಕಂಡ ಜನಕ್ಕೆ ಭಯವೆಲ್ಲಿಂದ ಹುಟ್ಟಬೇಕು? ಗದರಿಕೆಯೇ ವಾತ್ಸಲ್ಯದ ರೂಢಿಯ ರೂಪವಾಗಿರುವ ಈ ಸೀಮೆಯಲ್ಲಿ, ಅಂಬರೀಷರ ಒರಟು ಕಂಠದಿಂದ ಹೊರಟ ಯಮಶಾಸನವು ಮನೆಯ ಹಿರಿಯನೊಬ್ಬನು ಜಗುಲಿಯಿಂದ ಕೂಗಿ ಹೇಳಿದ ಬುದ್ಧಿವಾದದಂತೆ ಕೇಳಿಸಿತು. ಕನ್ನಡದ ಮೊದಲ ಪೂರ್ಣಪ್ರಮಾಣದ ತ್ರೀಡಿ ಚಿತ್ರವೆಂಬ ಘೋಷಣೆಯನ್ನು ನಂಬಿ ಕನ್ನಡಕ ಧರಿಸಿ ಕುಳಿತವರು ಕಣ್ಣಿಗೆ ಎರಗಿ ಬರುವ ವಸ್ತುಗಳನ್ನು ಮರೆತಿರಬಹುದು. ಆ ಧ್ವನಿಯನ್ನು ಮರೆತಿರಲಾರರು.

ಇದಕ್ಕೆ ಕಾರಣವು ಸಿನಿಮಾಕ್ಕಿಂತ ಹಳೆಯದು. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯಲ್ಲಿ ಆಂಜನೇಯನು, ಸೀತಾಮಾತೆಯು ಕಾವೇರಿಯಲ್ಲಿ ಕಳೆದುಕೊಂಡ ಮುತ್ತಿನ ಒಡವೆಯನ್ನು ಬಾಲದಿಂದ ನದಿಯನ್ನು ಕಲಕಿ ಹುಡುಕಿಕೊಟ್ಟನೆಂದು ಜನ ಹೇಳುತ್ತಾರೆ. ಲಂಕೆಯನ್ನು ಸುಟ್ಟ ಬಾಲಕ್ಕೆ ನಮ್ಮವರು ಒಪ್ಪಿಸಿದ ಕೆಲಸ ಇಂಥದು. ಅದೇ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಮಠವಿದೆ. ನೀಲಗಾರರು ಹಾಡುವ ಮಂಟೇಸ್ವಾಮಿ ಮಹಾಕಾವ್ಯದಲ್ಲಿ ಆತನ ಶಿಷ್ಯ ಸಿದ್ದಪ್ಪಾಜಿಯು ಹಲಗೂರಿನ ಪಾಂಚಾಳರ ಬಾಗಿಲಲ್ಲಿ ಕಬ್ಬಿಣದ ಭಿಕ್ಷೆ ಬೇಡುತ್ತಾನೆ, ಬೈಸಿಕೊಳ್ಳುತ್ತಾನೆ, ಪವಾಡವನ್ನೂ ಮೆರೆಯುತ್ತಾನೆ. ಇನ್ನು ಊರೂರ ಕುರುಕ್ಷೇತ್ರ ನಾಟಕದಲ್ಲಿ, ಕಂದವೊಂದನ್ನು ಹಾಡಿ ಮುಗಿಸಿದ ಕೃಷ್ಣನು ‘ಒನ್ಸ್ ಮೋರ್’ ಎಂಬ ಕೂಗಿಗೆ ಮಣಿದು ಮತ್ತೆ ಹಾಡುವುದನ್ನೂ, ರಾತ್ರಿಯ ದುರ್ಯೋಧನನು ಬೆಳಗಾಗುತ್ತಲೇ ಕಬ್ಬಿನ ಗದ್ದೆಗೆ ನೀರು ಕಟ್ಟಲು ಹೊರಡುವುದನ್ನೂ ಕಂಡು ಬೆಳೆದವರಿಗೆ, ದೇವಲೋಕವೆಂಬುದು ಹೋಗಿಬರಬಹುದಾದ ನೆರೆಯ ಹೋಬಳಿ. ಸಿನಿಮಾದ ಯಮನು ಈ ಜನಕ್ಕೆ ಅಪರಿಚಿತನಾಗಿರಲಿಲ್ಲ.

ಯಮನನ್ನು ನಗೆಗೀಡುಮಾಡಿದುದರಲ್ಲಿ ನಾವು ಮೊದಲಿಗರೇನಲ್ಲ. 1958ರ ಬಂಗಾಳಿ ಚಿತ್ರ ‘ಯಮಾಲಯೇ ಜೀವಂತ ಮಾನುಷ್’, ಅದರ ಜಾಡಿನಲ್ಲಿ ಬಂದ ಎನ್.ಟಿ. ರಾಮರಾವ್ ಅವರ ತೆಲುಗಿನ ‘ಯಮಗೋಲ’ (1977), ಇವೆರಡೂ ಯಮಲೋಕದ ಆಡಳಿತವನ್ನು ಬುಡಮೇಲು ಮಾಡಿ ಭೂಲೋಕದ ಆಡಳಿತವನ್ನು ಅಣಕಿಸಿದವು. ಅಣಕಕ್ಕೆ ಒಬ್ಬ ಚತುರನು ಸಾಕು. ಪ್ರಣಯಕ್ಕೆ ಇಬ್ಬರು ಬೇಕು. ಕನ್ನಡದ ಚಿತ್ರವು ಎಡವಿದುದು ಇಲ್ಲಿಯೇ: ನಾಯಕನ ವಾಕ್ಚಾತುರ್ಯಕ್ಕೆ ಧಾರಾಳವಾಗಿ ಎಡೆಗೊಟ್ಟು, ಇಂದ್ರಪುತ್ರಿಯನ್ನು ಬಹುಮಟ್ಟಿಗೆ ಗೆದ್ದು ತರಬೇಕಾದ ಪಾರಿತೋಷಕವಾಗಿ ನಿಲ್ಲಿಸಿತು. ಅಮರತ್ವವನ್ನು ತೊರೆದು ಮರ್ತ್ಯನೊಬ್ಬನನ್ನು ವರಿಸಬೇಕಾದವಳ ಮನಸ್ಸಿನ ತುಯ್ದಾಟವೇ ಇಂಥ ಕಥೆಯ ಜೀವಾಳವಾಗಿರುವಾಗ, ಅದನ್ನು ಹಾಡುಕುಣಿತಗಳಲ್ಲಿ ತೇಲಿಸಿಬಿಡುವುದು ನ್ಯಾಯವಲ್ಲ.

ಮರುವರ್ಷ, 2013ರಲ್ಲಿ, ಯಮನು ಮಂಡ್ಯದ ಶಾಸಕನಾಗಿ ಸಚಿವನೂ ಆದನು; ಅದೇ ಆಗಸ್ಟಿನ ಉಪಚುನಾವಣೆಯಲ್ಲಿ ಇಂದ್ರನ ಮಗಳು ಮಂಡ್ಯದಿಂದ ಲೋಕಸಭೆಗೆ ಆರಿಸಿಹೋದಳು. ಕಥೆಗಾರನೊಬ್ಬನು ಇಷ್ಟನ್ನು ಕಲ್ಪಿಸಿದ್ದರೆ ಅತಿಯಾಯಿತೆಂದು ನಾವೇ ಆಕ್ಷೇಪಿಸುತ್ತಿದ್ದೆವು. ಮಂಡ್ಯದ ಚುನಾವಣಾ ವೇದಿಕೆಗಳ ಮೇಲೆ ನಿಂತು ಆಕೆ ಆಡಿದ ಮಾತುಗಳ ಅರ್ಧದಷ್ಟನ್ನಾದರೂ ಯಮಸಭೆಯಲ್ಲಿ ಆಡಗೊಟ್ಟಿದ್ದರೆ, ನಾಯಕನಿಗೂ ಯಮನಿಗೂ ಒಳ್ಳೆಯ ಪ್ರತಿವಾದಿಯೊಬ್ಬಳು ದೊರೆಯುತ್ತಿದ್ದಳು.