ಟಿಬಿ ನೆಗೆಟಿವ್, ಆದ್ರೂ ಕೆಮ್ಮು ನಿಂತಿಲ್ಲ: ಶ್ವಾಸಕೋಶದ ಫಂಗಸ್ ಪತ್ತೆ ಮಾಡೋರು ಯಾರು?

ಶಿವಮೊಗ್ಗ: 2021ರ ಮೇ ತಿಂಗಳಲ್ಲಿ ಎಲ್ಲಿ ನೋಡಿದರೂ ‘ಬ್ಲ್ಯಾಕ್ ಫಂಗಸ್’ ಮಾತೇ ಇತ್ತು. ಆಂಫೊಟೆರಿಸಿನ್ ಇಂಜೆಕ್ಷನ್‌ಗೆ ಜನ ಪರದಾಡಿದ್ದರು. ಕೋವಿಡ್ ಇಳೀತು, ಮಾತೂ ನಿಂತಿತು. ಫಂಗಸ್ ಮಾತ್ರ ಎಲ್ಲೂ ಹೋಗಿಲ್ಲ. ಆಗ ಕಣ್ಣು, ಮೂಗು, ದವಡೆಯಲ್ಲಿ ಕಾಣಿಸಿಕೊಂಡಿದ್ದರಿಂದ ಬೇಗ ಅನುಮಾನ ಬರುತ್ತಿತ್ತು. ಶ್ವಾಸಕೋಶಕ್ಕೆ ಇಳಿದರೆ ಹೊರಗಿಂದ ಏನೂ ಕಾಣಲ್ಲ.

ಯಾರಿಗೆ ಅಪಾಯ?

ಆಸ್ಪರ್ಜಿಲಸ್ ಅನ್ನೋ ಫಂಗಸ್‌ನ ಕಣಗಳು ಗಾಳಿಯಲ್ಲಿ ಎಲ್ಲ ಕಡೆ ಇರುತ್ತವೆ. ಕೊಳೆತ ಹುಲ್ಲು, ಗೊಬ್ಬರದ ಗುಂಡಿ, ಮಳೆಗೆ ನೆನೆದ ಸಿಪ್ಪೆ ರಾಶಿ ಇಂಥ ಕಡೆ ಅದು ಚೆನ್ನಾಗಿ ಬೆಳೆಯುತ್ತೆ. ನಾವೆಲ್ಲ ದಿನಾ ಅದನ್ನು ಉಸಿರಾಡುತ್ತೇವೆ. ಆರೋಗ್ಯವಂತರಿಗೆ ಏನೂ ಆಗಲ್ಲ, ಬಿಳಿ ರಕ್ತಕಣಗಳು ನೋಡಿಕೊಳ್ಳುತ್ತವೆ.

ಬ್ಲಡ್ ಕ್ಯಾನ್ಸರ್‌ಗೆ ಕೀಮೋ ತಗೊಳ್ಳುತ್ತಿರುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು, ಬಹಳ ದಿನ ಸ್ಟೀರಾಯ್ಡ್ ನುಂಗುವವರಲ್ಲಿ ಈ ಕಾವಲು ಸಡಿಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ ‘ಬ್ಲ್ಯಾಕ್ ಫಂಗಸ್’ ಎಂದು ಕರೆಸಿಕೊಂಡ ಮ್ಯೂಕರ್ ಕಾಟ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಪಾಯಕಾರಿ ಫಂಗಸ್‌ಗಳ ಪಟ್ಟಿ ಮಾಡಿದಾಗ, ಮೊದಲ ಗುಂಪಿನ ನಾಲ್ಕರಲ್ಲಿ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಕೂಡ ಇತ್ತು.

ಟಿಬಿ ಜಾಡಲ್ಲೇ ಚಿಕಿತ್ಸೆ

ಜ್ವರ, ಕೆಮ್ಮು, ಕಫದಲ್ಲಿ ರಕ್ತ, ಎಕ್ಸ್‌ರೇಯಲ್ಲಿ ಕಲೆ. ಇಷ್ಟಿದ್ದರೆ ನಮ್ಮಲ್ಲಿ ಮೊದಲು ನೆನಪಾಗೋದು ಟಿಬಿ. ಅದು ಸಹಜವೇ. ಟಿಬಿ ಹೆಚ್ಚಿರುವ ದೇಶ ನಮ್ಮದು, ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಪ್ರಶ್ನೆ ಏಳೋದು ಆ ಪರೀಕ್ಷೆ ನೆಗೆಟಿವ್ ಬಂದಾಗ. ಎಕ್ಸ್‌ರೇ ನೋಡಿ ಟಿಬಿ ಮಾತ್ರೆ ಶುರು ಮಾಡೋದು, ಇಲ್ಲವೇ ಒಂದಾದ ಮೇಲೊಂದು ಆಂಟಿಬಯಾಟಿಕ್ ಬದಲಿಸೋದು ನಡೆಯುತ್ತೆ. ಫಂಗಸ್‌ಗೆ ಇವು ನಾಟಲ್ಲ. ಬಿಳಿ ರಕ್ತಕಣ ಕುಸಿದಿರುವ ರೋಗಿಗೆ ಕೆಲವೇ ದಿನ ತಡವಾದರೂ ಜೀವಕ್ಕೆ ಕುತ್ತು.

‘ಎರಡಕ್ಕೂ ಔಷಧ ಕೊಟ್ಟು ನೋಡೋಣ’ ಅನ್ನೋದೂ ಸಲೀಸಲ್ಲ. ಆಸ್ಪರ್ಜಿಲಸ್‌ಗೆ ಕೊಡುವ ವೊರಿಕೊನಜೋಲ್‌ನ ಪ್ರಮಾಣವನ್ನು ಟಿಬಿಯ ರಿಫಾಂಪಿಸಿನ್ ರಕ್ತದಲ್ಲಿ ತೀರಾ ಇಳಿಸಿಬಿಡುತ್ತೆ.

ಒಂದೇ ಟೆಸ್ಟ್ ಸಾಲಲ್ಲ

ಸಿಟಿ ಸ್ಕ್ಯಾನ್‌ನಲ್ಲಿ ಗಂಟು, ಅದರ ಸುತ್ತ ಮಂಜಿನಂಥ ಉಂಗುರ ಕಂಡರೆ ಅನುಮಾನ ಗಟ್ಟಿಯಾಗುತ್ತೆ. ಆದರೆ ಬೇರೆ ಕಾಯಿಲೆಯಲ್ಲೂ ಹಾಗೆ ಕಾಣಬಹುದು. ಆಸ್ಪರ್ಜಿಲಸ್ ಬಿಡುವ ಸಕ್ಕರೆ ಅಂಶವನ್ನು ಹುಡುಕುವ ಗ್ಯಾಲಕ್ಟೊಮನ್ನನ್ ಟೆಸ್ಟ್ ಇದೆ. ಬಿಳಿ ರಕ್ತಕಣ ಕುಸಿದವರಲ್ಲಿ ರಕ್ತದಲ್ಲೇ ಸಿಗುವ ಸಾಧ್ಯತೆ ಹೆಚ್ಚು. ಉಳಿದವರಲ್ಲಿ ರಕ್ತ ಎಷ್ಟೋ ಸಲ ನೆಗೆಟಿವ್ ಬರುತ್ತೆ, ಬ್ರಾಂಕೋಸ್ಕೋಪ್ ಇಳಿಸಿ ಶ್ವಾಸಕೋಶ ತೊಳೆದು ತೆಗೆದ ದ್ರವವೇ ಹೆಚ್ಚು ನಂಬಿಕಸ್ಥ. ಮ್ಯೂಕರ್ ಅಂತೂ ಈ ಟೆಸ್ಟ್‌ಗೆ ಸಿಗಲ್ಲ. ಮ್ಯೂಕರ್‌ಗೆ ವೊರಿಕೊನಜೋಲ್ ಕೆಲಸ ಮಾಡಲ್ಲ, ಆಂಫೊಟೆರಿಸಿನ್ನೇ ಬೇಕು. ಹಾಗಾಗಿ ಫಂಗಸ್ ಅಂತ ಗೊತ್ತಾದರೆ ಸಾಲದು, ಯಾವುದು ಅಂತಲೂ ಗೊತ್ತಾಗಬೇಕು.

ಕಲ್ಚರ್‌ಗೆ ದಿನಗಟ್ಟಲೆ ಬೇಕು, ಎಷ್ಟೋ ಸಲ ಬೆಳೆಯೋದೇ ಇಲ್ಲ. ಬಯಾಪ್ಸಿ ಖಚಿತ, ಆದರೆ ಪ್ಲೇಟ್‌ಲೆಟ್ ಕಡಿಮೆ ಇದ್ದವರಿಗೆ ರಕ್ತಸ್ರಾವದ ಭಯ. ಅದಕ್ಕೇ ವೈದ್ಯರು ರೋಗಿಯ ಸ್ಥಿತಿ, ಸ್ಕ್ಯಾನ್, ಲ್ಯಾಬ್ ವರದಿ ಮೂರನ್ನೂ ಕೂಡಿಸಿ ನಿರ್ಧರಿಸುತ್ತಾರೆ.

ಜಿಲ್ಲೆಯಲ್ಲೇ ಆಗಬಹುದಾದ್ದು

ಇರುವ ಟೆಸ್ಟ್‌ಗಳು ಸುಸಜ್ಜಿತ ಲ್ಯಾಬ್, ತರಬೇತಾದ ಸಿಬ್ಬಂದಿ ಬೇಡುತ್ತವೆ, ಬಡ ದೇಶಗಳ ಬಹುತೇಕ ಜನರಿಗೆ ಸಿಗುತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರ ಏಪ್ರಿಲ್‌ನಲ್ಲಿ ಹೇಳಿದೆ. ಹೊಸನಗರ, ತೀರ್ಥಹಳ್ಳಿ ಕಡೆಯ ರೋಗಿ ಘಾಟಿ ಇಳಿದು ಮಣಿಪಾಲಕ್ಕೋ, ರಾತ್ರಿ ಬಸ್ಸಿಗೆ ಬೆಂಗಳೂರಿನ ಕಿದ್ವಾಯಿಗೋ ಹೊರಡುವ ಹೊತ್ತಿಗೆ ಅಮೂಲ್ಯ ದಿನಗಳು ಕಳೆದಿರುತ್ತವೆ.

ಎಲ್ಲದಕ್ಕೂ ಕೋಟಿಗಟ್ಟಲೆ ಯಂತ್ರ ಬೇಕಿಲ್ಲ. ಕಫಕ್ಕೆ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ಫಂಗಸ್ ಎಳೆ ಹುಡುಕಲು ಬೇಕಿರೋದು ಪಳಗಿದ ಕಣ್ಣು. ಟಿಬಿ ಶಂಕಿತರ ಕಫ ಹಳ್ಳಿಯ ಆರೋಗ್ಯ ಕೇಂದ್ರದಿಂದ ಲ್ಯಾಬಿಗೆ ಹೋಗುವ ವ್ಯವಸ್ಥೆ ಈಗಾಗಲೇ ಇದೆ. ಟಿಬಿ ನೆಗೆಟಿವ್ ಬಂದು, ರೋಗನಿರೋಧಕ ಶಕ್ತಿ ಕುಂದಿದವರ ಸ್ಯಾಂಪಲ್ ಅದೇ ದಾರಿಯಲ್ಲಿ ಫಂಗಸ್ ಪರೀಕ್ಷೆಗೂ ಹೋಗುವಂತೆ ಆರೋಗ್ಯ ಇಲಾಖೆ ಆದೇಶ ಮಾಡಬಹುದು.

ಮನೆಯವರಿಗೊಂದು ಮಾತು. ಟಿಬಿ ಮಾತ್ರೆಯನ್ನಾಗಲೀ ಸ್ಟೀರಾಯ್ಡನ್ನಾಗಲೀ ನೀವಾಗೇ ನಿಲ್ಲಿಸಬೇಡಿ. ಕೀಮೋ, ಕಸಿ, ಸ್ಟೀರಾಯ್ಡ್, ಸಕ್ಕರೆ ಕಾಯಿಲೆ ಏನಿದ್ದರೂ ವೈದ್ಯರಿಗೆ ಮೊದಲೇ ಹೇಳಿ, ಹಳೇ ಚೀಟಿಗಳನ್ನು ಜೊತೆಗೆ ಒಯ್ಯಿರಿ. ಔಷಧ ತಗೊಂಡರೂ ಜ್ವರ, ಕೆಮ್ಮು ಇಳಿಯದಿದ್ದರೆ ಸಂಕೋಚ ಬಿಟ್ಟು ಕೇಳಿ: ‘ಡಾಕ್ಟ್ರೇ, ಇದು ಫಂಗಸ್ ಇರಬಹುದಾ?’