‘ಜೊತೆಗೆ’ ಎಂಬ ಮಾತಿನ ತೂಕ

ಬಹಾಯಿ ಧರ್ಮವೆಂದೊಡನೆ ಬಹುಮಂದಿಗೆ ನೆನಪಾಗುವುದು ದೆಹಲಿಯ ಕಮಲ ಮಂದಿರ. 1986ರಲ್ಲಿ ಲೋಕಾರ್ಪಣೆಗೊಂಡ ಆ ಕಟ್ಟಡದ ಬೆಡಗಿನಲ್ಲಿ ಆ ಧರ್ಮದ ಭಾಷಾತತ್ತ್ವ ಮರೆಯಾಗಿದೆ. ಭಾಷೆಯನ್ನೇ ಐಚ್ಛಿಕವಾಗಿ ಆರಿಸಿಕೊಂಡವರು ಅದನ್ನು ಅರಿಯದಿರುವುದು ತರವಲ್ಲ.

ಧರ್ಮಸ್ಥಾಪಕ ಬಹಾವುಲ್ಲಾ (1817–1892) ಟೆಹರಾನಿನಲ್ಲಿ ಹುಟ್ಟಿ, ಗಡೀಪಾರಾಗಿ, ಒಟ್ಟೊಮನ್ನರ ಸೆರೆನಗರವಾಗಿದ್ದ ಅಕ್ಕಾ ಸೇರಿದವರು. ಮನೆಮಾತು ಪರ್ಷಿಯನ್, ಧರ್ಮದ ಕಟ್ಟಳೆಗಳ ಗ್ರಂಥ ‘ಕಿತಾಬ್-ಇ-ಅಕ್ದಸ್’ ಬರೆದದ್ದು ಅರಬ್ಬಿಯಲ್ಲಿ. ಜಗತ್ತಿನ ಶಾಸನಸಭೆಗಳು ಒಂದು ಸಾಮಾನ್ಯ ಭಾಷೆಯನ್ನು ಗೊತ್ತುಮಾಡಬೇಕೆಂದು ಅದರಲ್ಲಿ ವಿಧಿಸಿದರು. ಇರುವ ಭಾಷೆಯಾದರೂ ಸರಿ, ಹೊಸದಾಗಿ ಕಟ್ಟಿದ್ದಾದರೂ ಸರಿ. ಅವರ ಮಗ ಅಬ್ದುಲ್-ಬಹಾ ಇದನ್ನು ವಿವರಿಸುತ್ತ, ಶಾಲೆಯಲ್ಲಿ ಎರಡು ಭಾಷೆಗಳಿರಲಿ ಎಂದರು: ಒಂದು ತಾಯ್ನುಡಿ, ಅದರ ಜೊತೆಗೆ ಸಾಮಾನ್ಯ ನುಡಿ.

ಈ ತತ್ತ್ವವನ್ನು ಬದುಕಿದವರಲ್ಲಿ ಲಿಡಿಯಾ ಝಾಮೆನ್‌ಹಾಫ್ ಮುಖ್ಯಳು. 1887ರಲ್ಲಿ ಎಸ್ಪೆರಾಂಟೊ ಭಾಷೆಯನ್ನು ಪ್ರಕಟಿಸಿದ ಲುಡ್ವಿಕ್ ಝಾಮೆನ್‌ಹಾಫ್ ಅವಳ ತಂದೆ. ಪೋಲಿಷ್, ರಷ್ಯನ್, ಜರ್ಮನ್, ಯಿಡ್ಡಿಷ್ ಭಾಷಿಕರು ಒಬ್ಬರನ್ನೊಬ್ಬರು ಶಂಕಿಸುತ್ತಿದ್ದ ಬಿಯಾಲಿಸ್ತೋಕ್ ಊರಿನಲ್ಲಿ ಬೆಳೆದದ್ದರಿಂದಲೇ ಆತನಿಗೆ ಯಾರದೂ ಅಲ್ಲದ ಭಾಷೆಯೊಂದು ಬೇಕೆನಿಸಿತು. ಯಹೂದಿ ಮನೆತನದ ಮಗಳು ಬಹಾಯಿಯಾದಳು, ಬಹಾಯಿ ಗ್ರಂಥಗಳನ್ನು ಎಸ್ಪೆರಾಂಟೊಗೆ ತಂದಳು, 1937ರಲ್ಲಿ ಅಮೆರಿಕಕ್ಕೆ ಹೋಗಿ ಆ ಭಾಷೆಯನ್ನು ಕಲಿಸಿದಳು. ಅಲ್ಲಿ ಉಳಿಯಲು ಅನುಮತಿ ಮುಂದುವರಿಯಲಿಲ್ಲ, ಪೋಲೆಂಡಿಗೆ ಮರಳಿದಳು. 1942ರಲ್ಲಿ ನಾಜಿಗಳು ಟ್ರೆಬ್ಲಿಂಕಾದಲ್ಲಿ ಕೊಂದರು. ಮನುಷ್ಯರನ್ನು ಮಾತಿನಿಂದ ಕೂಡಿಸಹೊರಟವಳನ್ನು ಹುಟ್ಟಿನ ಲೆಕ್ಕದಲ್ಲಿ ಮುಗಿಸಲಾಯಿತು.

ತತ್ತ್ವದಲ್ಲಿ ತೊಡಕಿಲ್ಲವೆಂದಲ್ಲ. ಮುಂದೆ ಎಲ್ಲರಿಗೂ ಒಂದೇ ನುಡಿ, ಒಂದೇ ಲಿಪಿ ಎಂಬ ಆಶಯವೂ ಬಹಾವುಲ್ಲಾರ ಬರಹಗಳಲ್ಲಿದೆ. ಸಾಹಿತ್ಯದ ವಿದ್ಯಾರ್ಥಿ ಅದನ್ನು ಒಪ್ಪಬೇಕಿಲ್ಲ. ಲಿಪಿಯೊಂದು ಹೋದರೆ ಶಾಸನಗಳೂ ಓಲೆಗರಿಗಳೂ ಮೂಕವಾಗುತ್ತವೆ. ಸಾಮಾನ್ಯ ಭಾಷೆಯ ಆಯ್ಕೆಯಂತೂ ಇನ್ನೂ ಆಗಿಲ್ಲ. ಯಾವ ಸಭೆಯೂ ಆರಿಸದ ಇಂಗ್ಲಿಷ್ ಆ ಪೀಠದಲ್ಲಿ ಆಗಲೇ ಕುಳಿತಿದೆ.

ಆದರೂ ಎರಡೂ ಭಾಷೆಗಳನ್ನು ಶಾಲೆಯೇ ಕಲಿಸಬೇಕೆಂಬ ಅಂಶ ಬಹು ಬೆಲೆಯುಳ್ಳದ್ದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡದ ಕೂಸಿಗೆ ಮರಾಠಿ ಪರಕೀಯವಲ್ಲ. ಸಂತೆಯಲ್ಲಿ, ಕಚೇರಿಯಲ್ಲಿ, ಗೆಳೆಯರ ಬಾಯಲ್ಲಿ ಅದು ತಾನಾಗಿ ದಕ್ಕುತ್ತದೆ. ಬರೆಯುವ ಕನ್ನಡ ಹಾಗೆ ದಕ್ಕುವುದಿಲ್ಲ. ‘ಮನೆಯಲ್ಲಿ ಆಡುತ್ತೇವಲ್ಲ, ಸಾಕು’ ಎನ್ನುವ ಪಾಲಕರ ಮಕ್ಕಳು ಅಜ್ಜಿಯೊಡನೆ ಮಾತಾಡಬಲ್ಲರು, ಅಜ್ಜನ ಕೈಬರಹದ ಕಾಗದ ಓದಲಾರರು. ಜೂನಿನಲ್ಲಿ ಶಾಲೆಗೆ ಹೆಸರು ಹಚ್ಚುವಾಗ ಆಗುವ ತೀರ್ಮಾನವಿದು. ಇಲ್ಲಿನ ಕನ್ನಡ ಶಾಲೆಗಳ ಮೊದಲ ತರಗತಿಯ ಹಾಜರಿಪುಸ್ತಕ ತುಂಬುವುದೂ ಬರಿದಾಗುವುದೂ ಆಗಲೇ.