ಡೋಮನ ಮಾತು ಎಲ್ಲಿ?

ಕ್ಯಾಮೆರಾದಲ್ಲೇ ಮಾನವಶಾಸ್ತ್ರ, ಹೊಸ ಪ್ರಯೋಗ ಅಂತ ಹೊಗಳೋ ಪಂಡಿತರೇ, ರಾಬರ್ಟ್ ಗಾರ್ಡ್ನರ್ 1986ರಲ್ಲಿ ಹೊರತಂದ ‘ಫಾರೆಸ್ಟ್ ಆಫ್ ಬ್ಲಿಸ್’ ನೋಡಿ. ಕಾಶಿಯ ಸುಡುವ ಘಾಟು, 90 ನಿಮಿಷ. ವಿವರಣೆಯಿಲ್ಲ, ಅಡಿಬರಹವಿಲ್ಲ. ಕಟ್ಟಿಗೆ ತೂಗೋದು, ಹುಟ್ಟಿನ ಕಿರಗುಟ್ಟು, ನಾಯಿ, ಹೆಣ. ಸೊಗಸಾಗಿದೆ, ಇಲ್ಲ ಅನ್ನೋಲ್ಲ.

ಆದರೆ ಮೊದಲಿಗೇ ಉಪನಿಷತ್ತಿನ ಸಾಲೊಂದನ್ನು ಯೇಟ್ಸ್ ಕವಿಯ ಇಂಗ್ಲಿಷಿನಲ್ಲಿ ತೆರೆ ಮೇಲೆ ಬರೆದು ತೋರಿಸ್ತಾರೆ! ಚಿತೆಗೆ ಬೆಂಕಿ ಕೊಡುವ ಡೋಮರ ಯಜಮಾನ ಬಾಯಿಬಿಟ್ಟು ಮಾತಾಡ್ತಾನೆ, ಅದಕ್ಕೆ ಒಂದಕ್ಷರವಿಲ್ಲ. ಹಾರುವರ ಗ್ರಂಥಕ್ಕೆ ಅರ್ಥ ಬೇಕು, ಹೊಲೆಯನ ಮಾತು ಬರೀ ಸದ್ದೇ?

ನೋಡುವವನಿಗೆ ತಿಳಿಯದು ಅಂತ 1988ರಲ್ಲಿ ಜೊನಾಥನ್ ಪ್ಯಾರಿ ತಕರಾರೆತ್ತಿದರು. ನನ್ನ ತಕರಾರು ಆಡಿದವನದು. ಇಂಥ ಚಿತ್ರಕ್ಕೆ ಮಾರ್ಕು ಹಾಕೋ ಮುಂಚೆ ಡೋಮರ ಕೇರಿಯಲ್ಲೊಂದು ಪರದೆ ಕಟ್ಟಿ. ಅವರೇನಂತಾರೋ ಬರಕೊಳ್ಳಿ, ಬೈಗುಳವನ್ನೂ ಬಿಡಬೇಡಿ.